ದೆಹಲಿಯ ಏಷ್ಯಾ ಕ್ರೀಡೆಗಳೂ ಅವುಗಳ ಉತ್ತರಫಲವೂ

ಜಾತ್ರೆಯ ಮರುದಿನ ತೇರುಬೀದಿಯಲ್ಲಿ ಏನುಳಿದಿದೆಯೆಂದು ನೋಡಲು ಹೋಗುವವರು ಕಡಮೆ. ತೇರು ಹರಿದ ದಿನದ ಜನಸ್ತೋಮ, ವಾದ್ಯಘೋಷ, ಸಂಭ್ರಮ ಇವೇ ನಮ್ಮ ನೆನಪಿನಲ್ಲಿ ನಿಲ್ಲುವುವು. ಅದರ ಲೆಕ್ಕವನ್ನು ಬರೆಯುವವನು ಶಾನುಭೋಗನೊಬ್ಬನೇ. ಅವನ ಲೆಕ್ಕವನ್ನು ಓದುವ ಕುತೂಹಲವೂ ಬಹು ಜನಕ್ಕಿರುವುದಿಲ್ಲ. ನಮ್ಮ ಕಾಲದ ದೊಡ್ಡ ಕ್ರೀಡಾಮಹೋತ್ಸವಗಳ ಸ್ಥಿತಿಯೂ ಬಹುಕಾಲ ಹೀಗೆಯೇ ಇದ್ದಿತು. ಗೆದ್ದವರ ಹೆಸರುಗಳನ್ನು ಬರೆದಿಟ್ಟುಕೊಂಡೆವು. ಉತ್ಸವ ಮುಗಿದ ಮೇಲೆ ಆ ಊರಿಗೂ ನಾಡಿಗೂ ಏನು ದಕ್ಕಿತೆಂಬುದನ್ನು ಕೇಳಲಿಲ್ಲ.

ಈಚೆಗೆ ಈ ಪ್ರಶ್ನೆಯೇ ಒಂದು ಶಾಸ್ತ್ರವಾಗಿ ಬೆಳೆದಿದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯವರು ೨೦೦೩ರಲ್ಲಿ ತಮ್ಮ ಸನ್ನದಿನಲ್ಲಿಯೇ, ಕ್ರೀಡೆಗಳಿಂದ ಆತಿಥೇಯ ನಗರಕ್ಕೆ ಒಳ್ಳೆಯ ಉತ್ತರಫಲ ಉಳಿಯಬೇಕೆಂಬ ಮಾತನ್ನು ಸೇರಿಸಿದರು. ಹೋಲ್ಗರ್ ಪ್ರಾಯ್ಸ್ ಎಂಬ ಜರ್ಮನ್ ವಿದ್ವಾಂಸರು ೨೦೦೭ರಲ್ಲಿ ಈ ಫಲವನ್ನು ಮೂರು ಬಗೆಯಾಗಿ ಅಳೆಯಬೇಕೆಂದರು: ಅದು ಮೊದಲೇ ಯೋಚಿಸಿದ್ದೋ ಯೋಚಿಸದೆ ಬಂದದ್ದೋ, ಹಿತವೋ ಅಹಿತವೋ, ಕಣ್ಣಿಗೆ ಕಾಣುವುದೋ ಕಾಣದಿರುವುದೋ. ನೋಡಲು ಇದೊಂದು ಸುಲಭವಾದ ವಿಂಗಡಣೆ. ಆದರೆ ಅದನ್ನು ನಮ್ಮ ದೇಶದ ಉದಾಹರಣೆಯೊಂದಕ್ಕೆ ಹಿಡಿದು ನೋಡಿದರೆ ಸ್ವಲ್ಪ ಆಶ್ಚರ್ಯವಾಗುತ್ತದೆ. ನಾನು ಆರಿಸಿಕೊಂಡಿರುವುದು ೧೯೮೨ರಲ್ಲಿ ದೆಹಲಿಯಲ್ಲಿ ನಡೆದ ಒಂಬತ್ತನೆಯ ಏಷ್ಯಾ ಕ್ರೀಡೆಗಳನ್ನು.

ಮೊದಲನೆಯ ಏಷ್ಯಾ ಕ್ರೀಡೆಗಳು ನಡೆದದ್ದೂ ದೆಹಲಿಯಲ್ಲಿಯೇ, ೧೯೫೧ರ ಮಾರ್ಚಿ ೪ರಿಂದ ೧೧ರ ವರೆಗೆ. ಬಂದಿದ್ದ ದೇಶಗಳು ಹನ್ನೊಂದು, ಆಟಗಾರರು ೪೮೯ ಮಂದಿ. ಭಾವನಗರದ ಮಹಾರಾಜರ ದಾನದಿಂದ ೧೯೩೩ರಲ್ಲಿ ಎದ್ದ ಇರ್ವಿನ್ ರಂಗಮಂದಿರವನ್ನೇ ಸರಿಪಡಿಸಿ ನ್ಯಾಷನಲ್ ಸ್ಟೇಡಿಯಮ್ ಎಂದು ಕರೆದು ಉತ್ಸವವನ್ನು ನಡಸಿದರು. ಸ್ವತಂತ್ರವಾಗಿ ನಾಲ್ಕು ವರ್ಷವೂ ತುಂಬದ ಬಡದೇಶವು ಇದ್ದ ಮನೆಯನ್ನೇ ಸುಣ್ಣ ಬಳಿಸಿ ಮದುವೆ ಮಾಡಿದಂತೆ. ಆ ಮಿತವ್ಯಯವನ್ನು ಬಡತನವೆಂದು ಹೀಗಳೆಯುವವರುಂಟು. ನನಗೆ ಅದರಲ್ಲಿ ವಿವೇಕವೇ ಕಾಣುತ್ತದೆ. ಭಾರತಕ್ಕೆ ಹದಿನೈದು ಚಿನ್ನದ ಪದಕಗಳು ಬಂದುವು. ಜಪಾನಿನ ನಂತರ ಎರಡನೆಯ ಸ್ಥಾನ.

ಮೂವತ್ತೊಂದು ವರ್ಷಗಳ ತರುವಾಯದ ಕಥೆ ಬೇರೆ. ದೆಹಲಿಗೆ ಈ ಕ್ರೀಡೆಗಳು ಒಪ್ಪಿತವಾದದ್ದು ೧೯೭೬ರಲ್ಲಿ. ನಡುವೆ ಸರ್ಕಾರಗಳು ಬದಲಾದುವು. ಇಷ್ಟು ವೆಚ್ಚ ನಮಗೆ ತಕ್ಕದ್ದೆ ಎಂಬ ಶಂಕೆಯೂ ಹುಟ್ಟಿತು. ೧೯೮೦ರ ಜನವರಿಯಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರು ಮತ್ತೆ ಅಧಿಕಾರಕ್ಕೆ ಬಂದ ಮೇಲೆ ನಡಸಿಯೇ ತೀರಬೇಕೆಂದು ನಿಶ್ಚಯವಾಯಿತು. ಕಾಲ ಕಳೆದುಹೋಗಿತ್ತು. ಉಳಿದ ಅಲ್ಪಾವಧಿಯಲ್ಲಿ ಜವಾಹರಲಾಲ್ ನೆಹರು ಸ್ಟೇಡಿಯಮ್, ಯಮುನೆಯ ಬಳಿಯ ಒಳಾಂಗಣ ಕ್ರೀಡಾಮಂದಿರ, ತಾಲ್ಕಟೋರಾದ ಈಜುಕೊಳ, ತುಘಲಕಾಬಾದಿನ ಗುರಿಶಾಲೆ, ಮೂಲ್‌ಚಂದ್ ಮೊದಲಾದೆಡೆಗಳಲ್ಲಿ ಮೇಲುಸೇತುವೆಗಳು, ಸಿರಿ ಕೋಟೆಯ ಹತ್ತಿರ ಆಟಗಾರರ ವಸತಿಗಾಗಿ ರಾಜ್ ರೇವಲ್ ಎಂಬ ಶಿಲ್ಪಿ ರಚಿಸಿದ ಸುಮಾರು ಏಳು ನೂರು ಮನೆಗಳ ಗ್ರಾಮ, ಇಷ್ಟೂ ಏಳಬೇಕಾಯಿತು. ಹಗಲಿರುಳೂ ಕೆಲಸ ನಡೆಯಿತು.

ಆ ಕೆಲಸವನ್ನು ಮಾಡಿದವರು ಯಾರು? ದೆಹಲಿಯವರಲ್ಲ. ಗುತ್ತಿಗೆದಾರರು ಜಮಾದಾರರನ್ನಿಟ್ಟು ರಾಜಸ್ಥಾನ, ಉತ್ತರ ಪ್ರದೇಶ, ಒರಿಸ್ಸಾ ಮೊದಲಾದ ನಾಡುಗಳ ಹಳ್ಳಿಗಳಿಂದ ಕೂಲಿಯವರನ್ನು ತರಿಸಿದರು. ದಿನಕ್ಕೆ ಒಂಬತ್ತು ರೂಪಾಯಿ ಇಪ್ಪತ್ತೈದು ಪೈಸೆ ಕೊಡತಕ್ಕದ್ದೆಂದು ಕನಿಷ್ಠ ವೇತನ ಗೊತ್ತಾಗಿತ್ತು. ಹಣ ಹೋದದ್ದು ಜಮಾದಾರನ ಕೈಗೆ. ಅವನು ತಲೆಗೊಂದು ರೂಪಾಯಿ ದಲ್ಲಾಳಿ ಹಿಡಿದು ಉಳಿದುದನ್ನು ಹಂಚುತ್ತಿದ್ದನು. ಹೆಂಗಸರಿಗೆ ಏಳೇ ರೂಪಾಯಿ. ಹದಿನಾಲ್ಕು ವರ್ಷ ತುಂಬದ ಮಕ್ಕಳೂ ದುಡಿಯುತ್ತಿದ್ದರು. ಜನತಾಂತ್ರಿಕ ಹಕ್ಕುಗಳ ಲೋಕಸಂಘವೆಂದು ಕನ್ನಡಿಸಬಹುದಾದ ಒಂದು ಸಂಸ್ಥೆಯವರು ಮೂವರು ಸಮಾಜಶಾಸ್ತ್ರಜ್ಞರನ್ನು ಕಳುಹಿಸಿ ಇದನ್ನೆಲ್ಲ ವಿಚಾರಿಸಿ, ಕಂಡುದನ್ನು ಬರೆದು, ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಪಿ. ಎನ್. ಭಗವತಿಯವರಿಗೆ ಒಂದು ಕಾಗದವನ್ನು ಹಾಕಿದರು. ಆ ಕಾಗದವನ್ನೇ ಅರ್ಜಿಯೆಂದು ನ್ಯಾಯಾಲಯವು ಸ್ವೀಕರಿಸಿತು. ಕೆಲಸದ ಸ್ಥಳಗಳನ್ನು ನೋಡಿ ವರದಿ ಮಾಡಲು ಮೂವರನ್ನು ನೇಮಿಸಿತು.

ಸರ್ಕಾರದ ಪಕ್ಷದ ವಾದವನ್ನು ಊಹಿಸುವುದು ಕಷ್ಟವಲ್ಲ. ಕೂಲಿಯವರು ಗುತ್ತಿಗೆದಾರರ ಆಳುಗಳು, ನಮ್ಮವರಲ್ಲ. ದೂರು ತಂದ ಸಂಘದವರಿಗೆ ಸ್ವಂತ ಕಷ್ಟವೇನೂ ಆಗಿಲ್ಲ. ಮಕ್ಕಳ ದುಡಿಮೆಯ ೧೯೩೮ರ ಕಾನೂನಿನ ಪಟ್ಟಿಯಲ್ಲಿ ಕಟ್ಟಡದ ಕೆಲಸದ ಹೆಸರೇ ಇಲ್ಲ, ಎಂದು. ೧೯೮೨ರ ಸೆಪ್ಟೆಂಬರ್ ೧೮ರಂದು ನ್ಯಾಯಮೂರ್ತಿಗಳಾದ ಭಗವತಿ ಮತ್ತು ಬಹರುಲ್ ಇಸ್ಲಾಂ ಅವರು ಈ ವಾದಗಳನ್ನು ತಳ್ಳಿಹಾಕಿದರು. ಗುತ್ತಿಗೆದಾರನ ಮೂಲಕ ಮಾಡಿಸಿದ ಮಾತ್ರಕ್ಕೆ ಸರ್ಕಾರದ ಹೊಣೆ ತಪ್ಪದು. ಬಡವನು ತಾನೇ ನ್ಯಾಯಾಲಯಕ್ಕೆ ಬರಲಾರದಿದ್ದರೆ ಅವನ ಪರವಾಗಿ ಇನ್ನೊಬ್ಬನು ಬರಬಹುದು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಅಪಾಯಕರವಾದ ಕೆಲಸಕ್ಕೆ ಮಕ್ಕಳನ್ನು ಹಚ್ಚಕೂಡದೆಂದು ಸಂವಿಧಾನದ ೨೪ನೆಯ ವಿಧಿಯೇ ಹೇಳುತ್ತದೆ. ಇವಕ್ಕಿಂತ ಮುಖ್ಯವಾದದ್ದು ೨೩ನೆಯ ವಿಧಿಯನ್ನು ಕುರಿತ ಮಾತು. ಬಲಾತ್ಕಾರದ ದುಡಿಮೆ ಎಂದರೆ ಚಾವಟಿಯ ಬಲಾತ್ಕಾರವೊಂದೇ ಅಲ್ಲ. ಹಸಿವೂ ಒಂದು ಬಲಾತ್ಕಾರ. ಕನಿಷ್ಠ ವೇತನಕ್ಕಿಂತ ಕಡಮೆಗೆ ಒಬ್ಬನು ಒಪ್ಪಿಕೊಂಡನೆಂದರೆ ಹೊಟ್ಟೆಯ ಕಷ್ಟವು ಅವನನ್ನು ಒಪ್ಪಿಸಿತೆಂದೇ ಅರ್ಥ. ಆದುದರಿಂದ ಅದೂ ಬಿಟ್ಟಿದುಡಿಮೆಯ ಜಾತಿಗೇ ಸೇರಿದ್ದು, ಎಂದು ತೀರ್ಪಾಯಿತು.

ಇದಾದ ಎರಡು ತಿಂಗಳಿಗೆ, ನವೆಂಬರ್ ೧೯ರಂದು, ಕ್ರೀಡೆಗಳು ವೈಭವದಿಂದ ಪ್ರಾರಂಭವಾದುವು. ಮೂವತ್ತಮೂರು ದೇಶಗಳ ಆಟಗಾರರು ಬಂದಿದ್ದರು. ಅಪ್ಪು ಎಂಬ ಆನೆಮರಿ ಉತ್ಸವದ ಲಾಂಛನವಾಯಿತು. ಮೊದಲನೆಯ ಸ್ಥಾನವನ್ನು ಚೀನವು ಜಪಾನಿನಿಂದ ಕಿತ್ತುಕೊಂಡಿತು. ಹಾಕಿಯ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನದವರ ಮುಂದೆ ನಮ್ಮ ಗಂಡಸರ ತಂಡವು ಒಂದಕ್ಕೆ ಏಳರಂತೆ ಸೋತದ್ದನ್ನು ಹಿರಿಯರು ಇಂದಿಗೂ ಮರೆತಿಲ್ಲ. ಅದೇ ಕ್ರೀಡೆಗಳಲ್ಲಿ ನಮ್ಮ ಹೆಂಗಸರ ಹಾಕಿ ತಂಡವು ಚಿನ್ನ ಗೆದ್ದಿತೆಂಬುದನ್ನು ಮಾತ್ರ ಎಲ್ಲರೂ ಮರೆತಿದ್ದಾರೆ. ನೆನಪಿಗೂ ಪಕ್ಷಪಾತವುಂಟು.

ಮೊದಲೇ ಯೋಚಿಸಿದ್ದ ಫಲವೇನಾಯಿತೆಂಬುದನ್ನು ಈಗ ನೋಡೋಣ. ೧೯೮೨ರಲ್ಲಿ ಈ ಕ್ರೀಡೆಗಳ ನಿಮಿತ್ತವಾಗಿಯೇ ಕೇಂದ್ರ ಸರ್ಕಾರದಲ್ಲಿ ಕ್ರೀಡಾ ಇಲಾಖೆಯೆಂಬುದು ಹುಟ್ಟಿತು. ೧೯೮೪ರ ಜನವರಿ ೨೫ರಂದು ಭಾರತೀಯ ಕ್ರೀಡಾ ಪ್ರಾಧಿಕಾರವು ನೋಂದಣಿಯಾಯಿತು; ದೆಹಲಿಯ ಕ್ರೀಡಾಂಗಣಗಳನ್ನು ಕಾಪಾಡಿ ಬಳಸುವುದು ಅದರ ಮೊದಲ ಹೊಣೆಗಳಲ್ಲೊಂದು. ಅದೇ ವರ್ಷದ ಆಗಸ್ಟಿನಲ್ಲಿ ದೇಶದ ಮೊತ್ತಮೊದಲ ರಾಷ್ಟ್ರೀಯ ಕ್ರೀಡಾನೀತಿ ಪ್ರಕಟವಾಯಿತು. ೧೯೮೭ರಲ್ಲಿ ಪಟಿಯಾಲ, ಗ್ವಾಲಿಯರುಗಳ ಶಿಕ್ಷಣಸಂಸ್ಥೆಗಳೂ ಪ್ರಾಧಿಕಾರದ ವಶವಾದುವು. ಕ್ರಮವನ್ನು ಗಮನಿಸಬೇಕು: ಮೊದಲು ಕಟ್ಟಡ, ಆಮೇಲೆ ಅದನ್ನು ನೋಡಿಕೊಳ್ಳಲು ಸಂಸ್ಥೆ, ಕಡೆಗೆ ನೀತಿ. ಮನೆ ಕಟ್ಟಿದ ಮೇಲೆ ಅದರಲ್ಲಿ ಯಾರಿರಬೇಕೆಂದು ಆಲೋಚಿಸಿದ ಹಾಗೆ.

ನೀತಿಯ ಫಲವು ಪದಕಗಳಲ್ಲಿ ಕಂಡಿತೆ? ೧೯೮೨ರಲ್ಲಿ ಭಾರತಕ್ಕೆ ಬಂದ ಚಿನ್ನದ ಪದಕಗಳು ೧೩, ಸ್ಥಾನ ಐದನೆಯದು. ಆ ಹದಿಮೂರರಲ್ಲಿ ಐದು ಕುದುರೆ ಸವಾರಿಗೂ ಗಾಲ್ಫಿಗೂ ಸೇರಿದ್ದವು. ಸೈನ್ಯದ ಲಾಯಗಳೂ ನಗರದ ಕ್ಲಬ್ಬುಗಳೂ ಬೆಳೆಸಿದ ವಿದ್ಯೆ ಅವು. ನಾಲ್ಕು ವರ್ಷ ಕಳೆದು ಸಿಯೋಲಿನಲ್ಲಿ ಬಂದದ್ದು ಐದು. ಅವುಗಳಲ್ಲಿ ಮೂರನ್ನು ಪಿ. ಟಿ. ಉಷಾ ಒಬ್ಬಳೇ ಗೆದ್ದಳು, ನಾಲ್ಕನೆಯದು ಅವಳು ಸೇರಿ ಓಡಿದ ತಂಡದ್ದು. ೧೯೯೦ರಲ್ಲಿ ಬೀಜಿಂಗಿನಲ್ಲಿ ಬಂದದ್ದು ಒಂದೇ ಒಂದು, ಅದೂ ಕಬಡ್ಡಿಯಲ್ಲಿ. ಕೋಟಿಗಟ್ಟಲೆ ಸುರಿದು ಕಟ್ಟಿದ ಯಾವ ಮಂದಿರವೂ ಕಬಡ್ಡಿಗೆ ಬೇಕಿರಲಿಲ್ಲ. ಕ್ರೀಡಾಂಗಣಗಳಿಂದ ಪ್ರಯೋಜನವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ರಾಜಧಾನಿಯಲ್ಲಿ ಅಂಗಣವಿದ್ದರೆ ಹಳ್ಳಿಯ ಹುಡುಗಿ ಓಡಿಯಾಳೆಂಬ ನಂಬಿಕೆಗೆ ಈ ಅಂಕಿಗಳಲ್ಲಿ ಆಧಾರ ಸಿಕ್ಕುವುದಿಲ್ಲ.

ಯಾರೂ ಯೋಚಿಸದೆ ಬಂದ ಫಲಗಳೂ ಉಂಟು. ೧೯೮೨ರ ಆಗಸ್ಟಿನಲ್ಲಿ ದೂರದರ್ಶನಕ್ಕೆ ಬಣ್ಣ ಬಂದಿತು. ಏಷ್ಯಾಡಿಗಾಗಿ ಬಂದ ಆ ಬಣ್ಣ ಮತ್ತೆ ಹೋಗಲಿಲ್ಲ. ಆಟಗಾರರನ್ನು ಕರೆದೊಯ್ಯಲು ಮಾಡಿಸಿದ ಬಸ್ಸುಗಳು ಅನಂತರ ಮಹಾರಾಷ್ಟ್ರಕ್ಕೆ ಬಂದುವೆಂದು ಹೇಳುವರು. ಅಲ್ಲಿ ಏಷ್ಯಾಡ್ ಎಂಬುದು ಒಂದು ಜಾತಿಯ ಬಸ್ಸಿನ ಹೆಸರಾಗಿಯೇ ನಿಂತಿತು. ಆ ಬಸ್ಸುಗಳಲ್ಲಿ ಕುಳಿತವರಿಗೆಲ್ಲ ಅದರ ಅರ್ಥ ಗೊತ್ತಿತ್ತೆಂದು ತೋರುವುದಿಲ್ಲ. ನಮ್ಮಲ್ಲಿಯೂ ಇದರ ಚಿಕ್ಕ ಪ್ರತಿರೂಪವೊಂದಿದೆ. ೧೯೯೭ರಲ್ಲಿ ಕರ್ಣಾಟಕದಲ್ಲಿ ರಾಷ್ಟ್ರೀಯ ಕ್ರೀಡೆಗಳು ನಡೆದಾಗ ಬೆಂಗಳೂರಿನ ಕೋರಮಂಗಲದಲ್ಲಿ ಆಟಗಾರರಿಗಾಗಿ ಎತ್ತಿದ ಮನೆಗಳು ಮುಂದೆ ಗೃಹಸ್ಥರ ವಸತಿಯಾದುವು. ವಸತಿಯಾಗಿ ಅದು ಸಫಲವೇ ಸರಿ. ಆದರೆ ಕ್ರೀಡೆಯ ಹೆಸರಿನ ಫಲ ಮನೆಯ ರೂಪದಲ್ಲಿ ಬಂದಿತಷ್ಟೆ.

ದೆಹಲಿಯಲ್ಲಿ ಮೂರನೆಯ ದೊಡ್ಡ ಉತ್ಸವ ೨೦೧೦ರ ಅಕ್ಟೋಬರಿನ ಕಾಮನ್‌ವೆಲ್ತ್ ಕ್ರೀಡೆಗಳು. ೧೯೫೧ರ ಅಂಗಣವನ್ನು ಹಾಕಿಗಾಗಿ ಹೊಸದಾಗಿ ಕಟ್ಟಿದರು. ೧೯೮೨ರ ನೆಹರು ಸ್ಟೇಡಿಯಮ್ಮಿಗೆ ಹೊಸ ಮೈ ಬಂದಿತು. ಈ ಬಾರಿ ಪದಕಗಳು ಹೆಚ್ಚು: ೧೦೧, ಅವುಗಳಲ್ಲಿ ಚಿನ್ನ ೩೮. ಹಣದ ದುರ್ವಿನಿಯೋಗದ ದೂರುಗಳೂ ಹೆಚ್ಚು. ಪ್ರಾರಂಭಕ್ಕೆ ಎರಡು ವಾರಗಳಿಗಿಂತ ಕಡಮೆ ಇರುವಾಗ ಸ್ಟೇಡಿಯಮ್ಮಿನ ಬಳಿ ಕಟ್ಟುತ್ತಿದ್ದ ಕಾಲುಸೇತುವೆಯೊಂದು ಕುಸಿದು ಕೂಲಿಯವರು ಗಾಯಗೊಂಡರು. ಅದಕ್ಕೂ ಮೊದಲೇ, ಆ ವರ್ಷದ ಆದಿಯಲ್ಲಿ, ಕೂಲಿಯವರ ಸಂಕಟವನ್ನು ಹೊತ್ತು ದೆಹಲಿಯ ಉಚ್ಚ ನ್ಯಾಯಾಲಯದ ಬಾಗಿಲಿಗೆ ಹೋದವರು ೧೯೮೨ರ ಅದೇ ಸಂಘದವರು. ನ್ಯಾಯಾಲಯವು ನೇಮಿಸಿದ ಸಮಿತಿಯು ಕಂಡದ್ದೂ ಬಹುಮಟ್ಟಿಗೆ ಹಿಂದಿನದೇ: ಕನಿಷ್ಠ ವೇತನವಿಲ್ಲ, ಕೂಲಿಯವರ ನೋಂದಣಿಯಿಲ್ಲ, ಸುರಕ್ಷತೆಯ ಸಲಕರಣೆಗಳಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಹೇಳಬೇಕು. ೧೯೮೨ರಲ್ಲಿ ಆ ಸಂಘದವರು ದೂರು ತರಲು ತಮಗೆ ಅಧಿಕಾರವುಂಟೆಂಬುದನ್ನೇ ಮೊದಲು ವಾದಿಸಿ ಗೆಲ್ಲಬೇಕಾಗಿತ್ತು. ೨೦೧೦ರ ಹೊತ್ತಿಗೆ ಅದು ಇತ್ಯರ್ಥವಾದ ಮಾತಾಗಿತ್ತು.

೨೦೩೦ರ ಕಾಮನ್‌ವೆಲ್ತ್ ಕ್ರೀಡೆಗಳನ್ನು ಅಹಮದಾಬಾದಿಗೆ ಕೊಡುವುದೆಂದು ೨೦೨೫ರ ನವೆಂಬರಿನಲ್ಲಿ ನಿಶ್ಚಯವಾಯಿತು. ಅಲ್ಲಿಯೂ ಕಟ್ಟುವವರು ಬೇರೆ ಊರುಗಳಿಂದ ಬರುವರು. ಅವರ ಹಾಜರಿಯ ಪುಸ್ತಕ ಯಾರ ಕೈಯಲ್ಲಿರುವುದೆಂಬುದನ್ನು ಕೇಳಲು ಈಗ ಸಕಾಲ.