ಹಳೆಯ ಮದ್ದು, ಹೊಸ ರೋಗಾಣು

ಪೆನ್ಸಿಲಿನ್ ಹುಟ್ಟಿದ ಕಥೆಯನ್ನು ಕೇಳದವರು ಕಡಮೆ. 1928ರಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗರ ಕಣ್ಣಿಗೆ ಬಿದ್ದ ಬೂಷ್ಟು, 1941ರಲ್ಲಿ ಆಕ್ಸ್‌ಫರ್ಡಿನ ವೈದ್ಯರ ಕೈಯಲ್ಲಿ ಚುಚ್ಚುಮದ್ದಾಯಿತು. ಆದರೆ ಅದಕ್ಕೂ ಒಂದು ವರ್ಷ ಮೊದಲೇ, ಪೆನ್ಸಿಲಿನ್ನನ್ನು ನಾಶಮಾಡಬಲ್ಲ ರಸವೊಂದು ಬ್ಯಾಕ್ಟೀರಿಯಾಗಳಲ್ಲಿ ಉಂಟೆಂದು ಅಬ್ರಹಾಂ ಮತ್ತು ಚೈನ್ ಎಂಬ ವಿಜ್ಞಾನಿಗಳು ತಿಳಿಸಿದ್ದರು. ಮದ್ದು ಪೇಟೆಗೆ ಬರುವ ಮೊದಲೇ ಪ್ರತಿಮದ್ದು ಸಿದ್ಧವಾಗಿತ್ತು! ಆ ರಸಕ್ಕೆ ಜಗ್ಗದ ಮೆಥಿಸಿಲಿನ್ ಬಂದಿತು. 1961ರಲ್ಲಿ ಅದಕ್ಕೂ ಜಗ್ಗದ ಸ್ಟೆಫಿಲೊಕಾಕಸ್ ರೋಗಾಣು ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡಿತು.

ಗಿಡಮೂಲಿಕೆಗಳ ಕಡೆಗೆ ವಿಜ್ಞಾನಿಗಳು ಆಗ ನೋಡಲಿಲ್ಲವೆ? ನೋಡಿದರು. 1943ರಲ್ಲಿ ಆಕ್ಸ್‌ಫರ್ಡಿನಲ್ಲಿಯೇ ಆಸ್ಬಾರ್ನ್ ಎಂಬುವರು ಸುಮಾರು 2300 ಜಾತಿಯ ಸಸ್ಯಗಳ ರಸವನ್ನು ರೋಗಾಣುಗಳ ಮೇಲೆ ಪರೀಕ್ಷಿಸಿದರು. ಮರುವರ್ಷ ಅಮೆರಿಕದಲ್ಲಿ ಕ್ಯಾವಲಿಟೊ ಮತ್ತು ಬೈಲಿ ಎಂಬುವರು ಬೆಳ್ಳುಳ್ಳಿಯಿಂದ ಅಲಿಸಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ಇಡೀ ಎಸಳಿನಲ್ಲಿ ಇದು ಇರುವುದಿಲ್ಲ, ಜಜ್ಜಿದಾಗ ಹುಟ್ಟುತ್ತದೆ. ಆದರೆ ಬೂಷ್ಟು ಮತ್ತು ಮಣ್ಣಿನ ಜೀವಿಗಳಿಂದ ದೊರೆತ ಮದ್ದುಗಳು ಬಹು ಸ್ವಲ್ಪ ಪ್ರಮಾಣದಲ್ಲಿಯೇ ಗುಣ ತೋರುತ್ತಿದ್ದುದರಿಂದ ಸಸ್ಯಗಳ ವಿಚಾರ ಹಿಂದೆ ಬಿದ್ದಿತು.

ಸಸ್ಯಗಳ ಸತ್ತ್ವ ಒಂಟಿಯಾಗಿ ಏಕೆ ಸೋಲುತ್ತದೆ? ಇದಕ್ಕೊಂದು ಉತ್ತರ 2000ದಲ್ಲಿ ಅಮೆರಿಕದಿಂದ ಬಂದಿತು. ಬರ್ಬೆರಿಸ್ ಜಾತಿಯ ಪೊದೆಗಳಲ್ಲಿ ಬರ್ಬೆರಿನ್ ಎಂಬ ಹಳದಿ ಸತ್ತ್ವವಿದೆ. ನಮ್ಮ ಪಶ್ಚಿಮ ಘಟ್ಟದ ಮರದರಿಶಿನದ ಬಳ್ಳಿಗೆ ಹಳದಿ ಬಣ್ಣ ಕೊಡುವುದೂ ಇದೇ. ಬರ್ಬೆರಿನ್ ಒಳಹೊಕ್ಕರೆ, ದೋಣಿಗೆ ನುಗ್ಗಿದ ನೀರನ್ನು ಅಂಬಿಗ ಮೊಗೆದು ಚೆಲ್ಲುವಂತೆ, ರೋಗಾಣು ಅದನ್ನು ಹೊರಗೆ ದೂಡಿಬಿಡುತ್ತದೆ. ಸ್ಟರ್ಮಿಟ್ಸ್, ಲೂಯಿಸ್ ಮತ್ತು ಅವರ ಸಂಗಡಿಗರು ಕಂಡುಹಿಡಿದ ಸೋಜಿಗವೆಂದರೆ, ಅಂಥ ಪೊದೆಯ ಎಲೆಗಳಲ್ಲಿಯೇ, ಆ ಮೊಗೆಯುವ ಕೈಯನ್ನು ಕಟ್ಟಿಹಾಕುವ ಇನ್ನೊಂದು ಸತ್ತ್ವವೂ ಇದೆ. ಅದು ತಾನಾಗಿ ರೋಗಾಣುವನ್ನು ಕೊಲ್ಲದು. ಬರ್ಬೆರಿನ್ನಿನ ಜೊತೆಗೂಡಿದರೆ ಕೊಲ್ಲಿಸುತ್ತದೆ.

ಒಂದಕ್ಕೊಂದು ನೆರವಾಗುವ ಈ ಗುಣ 2015ರಲ್ಲಿ ಮತ್ತೊಮ್ಮೆ ಬೆಳಕಿಗೆ ಬಂದಿತು. ಸುಮಾರು ಸಾವಿರ ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಬರೆದ ‘ಬಾಲ್ಡನ ವೈದ್ಯಗ್ರಂಥ’ದಲ್ಲಿ ಕಣ್ರೆಪ್ಪೆಯ ಕುರುವಿಗೆ ಒಂದು ಮದ್ದು ಹೇಳಿದೆ. ಬೆಳ್ಳುಳ್ಳಿಯನ್ನೂ ಈರುಳ್ಳಿಯ ಜಾತಿಯ ಇನ್ನೊಂದು ಗೆಡ್ಡೆಯನ್ನೂ ಸಮನಾಗಿ ಅರೆದು, ದ್ರಾಕ್ಷಾಮದ್ಯವನ್ನೂ ಎತ್ತಿನ ಪಿತ್ತರಸವನ್ನೂ ಬೆರಸಿ, ಹಿತ್ತಾಳೆಯ ಪಾತ್ರೆಯಲ್ಲಿ ಒಂಬತ್ತು ರಾತ್ರಿ ಇರಿಸಿ, ಬಟ್ಟೆಯಲ್ಲಿ ಸೋಸಿ, ಗರಿಯಿಂದ ಹಚ್ಚಬೇಕು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಹಳೆಯ ಇಂಗ್ಲಿಷ್ ಬಲ್ಲ ಕ್ರಿಸ್ಟೀನಾ ಲೀ ಅವರೂ ಸೂಕ್ಷ್ಮಜೀವಿ ವಿಜ್ಞಾನಿ ಫ್ರೇಯಾ ಹ್ಯಾರಿಸನ್ ಅವರೂ ಜೊತೆಗಾರರೊಡನೆ ಇದನ್ನು ತಯಾರಿಸಿದರು. ಹಿತ್ತಾಳೆಯ ಪಾತ್ರೆಗೆ ಬದಲು ಗಾಜಿನ ಸೀಸೆಯಲ್ಲಿ ಹಿತ್ತಾಳೆಯ ತುಂಡುಗಳನ್ನು ಹಾಕಿದರು. ಇಲಿಗಳ ಹುಣ್ಣಿನಿಂದ ತೆಗೆದ ಅಂಗಾಂಶದ ಮೇಲೆ ಹಚ್ಚಿದಾಗ, ಮೆಥಿಸಿಲಿನ್ನಿಗೆ ಜಗ್ಗದ ರೋಗಾಣುಗಳಲ್ಲಿ ನೂರಕ್ಕೆ ಸುಮಾರು 90 ಸತ್ತವು.

2020ರ ಪರೀಕ್ಷೆಗಳು ಇನ್ನಷ್ಟು ತಿಳಿಸಿದವು. ಬಿಡಿಬಿಡಿಯಾಗಿ ತೇಲುವ ರೋಗಾಣುಗಳಿಗೆ ಬೆಳ್ಳುಳ್ಳಿಯ ಅಲಿಸಿನ್ ಬಹುಮಟ್ಟಿಗೆ ಸಾಕು. ಆದರೆ ಹುಣ್ಣುಗಳಲ್ಲಿ ಅವು ಗುಂಪುಗೂಡಿ ಲೋಳೆಯ ಕೋಟೆ ಕಟ್ಟಿಕೊಳ್ಳುತ್ತವೆ. ಆ ಕೋಟೆಯನ್ನು ಒಡೆಯಲು ಇಡೀ ಮಿಶ್ರಣವೇ ಬೇಕಾಯಿತು.

ಹಾಗೆಂದು ಹಳೆಯದೆಲ್ಲ ಹೊನ್ನೆನ್ನುವುದು ತಪ್ಪಾದೀತು. ಆ ಗ್ರಂಥದಲ್ಲಿಯೇ ಮಾಟಮಂತ್ರಗಳ ಉಪಾಯಗಳೂ ಉಂಟು. ಪ್ರಯೋಗಶಾಲೆಯ ತಟ್ಟೆಯಲ್ಲಿ ಗೆದ್ದದ್ದು ಮನುಷ್ಯನ ದೇಹದಲ್ಲಿ ಸೋಲಬಹುದು, ವಿಷವೂ ಆಗಬಹುದು. ಇಂಥದನ್ನು ಮನೆಯಲ್ಲಿ ಅರೆದು ಕಣ್ಣಿಗೆ ಹಚ್ಚತಕ್ಕದ್ದಲ್ಲ. ಹಿರಿಯರ ಮಾತನ್ನು ತಳ್ಳಿಹಾಕದೆ, ಕಣ್ಣುಮುಚ್ಚಿ ನಂಬದೆ, ಹೇಳಿದಂತೆಯೇ ಮಾಡಿ ಅಳೆದು ನೋಡಿದ್ದರಿಂದ ಈ ತಿಳಿವು ದೊರೆಯಿತು. ಮರದರಿಶಿನದ ಬಳ್ಳಿ ಬಲಿಯಲು ಅನೇಕ ವರ್ಷಗಳು ಬೇಕು. ಪರೀಕ್ಷಿಸುವ ಮೊದಲೇ ಅದನ್ನು ಕಡಿದು ಮುಗಿಸಿದರೆ, ಮುಂದಿನವರು ಕೇಳಬೇಕಾದ ಪ್ರಶ್ನೆಯನ್ನೇ ನಾವು ಸುಟ್ಟಂತಾಗುತ್ತದೆ.