ಚರ್ಚಿಲ್: ಕರಡಿಗೆ ಜೈಲು, ಜನರಿಗೆ ಗುಡಿಸಲು

ಕೆನಡಾದ ಮ್ಯಾನಿಟೋಬ ಪ್ರಾಂತ್ಯದಲ್ಲಿ, ಹಡ್ಸನ್ ಕೊಲ್ಲಿಯ ದಂಡೆಯ ಮೇಲೆ ಚರ್ಚಿಲ್ ಎಂಬ ಊರಿದೆ. 2021ರ ಜನಗಣತಿಯಲ್ಲಿ ಅಲ್ಲಿದ್ದವರು 870 ಜನ. ಆ ಊರಿಗೆ ರಸ್ತೆಯಿಲ್ಲ. ರೈಲಿನಲ್ಲಿ ಹೋಗಬೇಕು, ಇಲ್ಲವೇ ವಿಮಾನದಲ್ಲಿ. ಆದರೂ ಬೇಸಿಗೆಯಲ್ಲಿ ನದಿಗೆ ಬರುವ ಬಿಳಿ ಬೆಲೂಗಾ ತಿಮಿಂಗಿಲ, ಅಕ್ಟೋಬರ್-ನವೆಂಬರಿನಲ್ಲಿ ಹಿಮಕರಡಿ, ಫೆಬ್ರವರಿ-ಮಾರ್ಚ್ ರಾತ್ರಿಗಳಲ್ಲಿ ಆಕಾಶದ ಹಸಿರು ಬೆಳಕು ನೋಡಲು ದುಡ್ಡಿದ್ದವರು ದೂರದೂರದಿಂದ ಬರುತ್ತಾರೆ.

ಊರು ಹುಟ್ಟಿದ್ದು ಇದಕ್ಕಲ್ಲ. 1717ರಲ್ಲಿ ಹಡ್ಸನ್ ಬೇ ಕಂಪನಿ ಪ್ರಾಣಿಗಳ ತುಪ್ಪಳದ ವ್ಯಾಪಾರಕ್ಕೆ ಇಲ್ಲಿ ಠಾಣೆ ಹಾಕಿತು. 1929ರಲ್ಲಿ ರೈಲು ಬಂತು, 1931ರಲ್ಲಿ ಗೋಧಿ ಸಾಗಿಸುವ ಬಂದರು ಬಂತು. 1942ರಲ್ಲಿ ಅಮೆರಿಕದ ಸೈನ್ಯ ಬಂದು ನೆಲೆ ಕಟ್ಟಿತು. ಇಂದು ಪ್ರವಾಸಿಗಳು ಮೊಬೈಲ್ ಎತ್ತಿ ಫೋಟೊ ತೆಗೆಯುವ ಅದೇ ಬೆಳಕನ್ನು ಅಧ್ಯಯನ ಮಾಡಲು 1950ರ ದಶಕದಲ್ಲಿ ಇಲ್ಲಿಂದ ರಾಕೆಟ್ ಹಾರಿಸಲು ಶುರು ಮಾಡಿದರು. ಸೂರ್ಯನಿಂದ ಬರುವ ವಿದ್ಯುತ್ ಕಣಗಳು ಭೂಮಿಯ ಅಯಸ್ಕಾಂತ ಶಕ್ತಿಗೆ ಸಿಕ್ಕಿ ಧ್ರುವದ ಕಡೆ ಇಳಿದು ಗಾಳಿಗೆ ತಾಗಿದಾಗ ಆಕಾಶ ಬೆಳಗುತ್ತದೆ. ಹಾಗೆ ಬೆಳಗುವ ಪಟ್ಟಿಯ ಕೆಳಗೇ ಚರ್ಚಿಲ್ ಇದೆ.

ಕರಡಿಯ ಲೆಕ್ಕಾಚಾರ ಬೇರೆ. ಅದು ಸೀಲ್ ಹಿಡಿದು ತಿನ್ನುವುದು ಸಮುದ್ರದ ಮಂಜುಗಡ್ಡೆಯ ಮೇಲೆ. ಬೇಸಿಗೆಯಲ್ಲಿ ಗಡ್ಡೆ ಕರಗಿದರೆ ಹಸಿದುಕೊಂಡು ದಡದಲ್ಲಿ ಕಾಯಬೇಕು. ನೀರು ಮತ್ತೆ ಬೇಗ ಹೆಪ್ಪುಗಟ್ಟುವುದು ಚರ್ಚಿಲ್ ಸುತ್ತ, ಆದ್ದರಿಂದ ಅಲ್ಲೇ ಸೇರುತ್ತವೆ. ಊರ ಕಸದ ಗುಡ್ಡೆಗೂ ಬರುತ್ತಿದ್ದವು. 1968ರಲ್ಲಿ ಕರಡಿ ಒಬ್ಬ ಯುವಕನನ್ನು ಕೊಂದಿತು. ಆಮೇಲೆ ಸರ್ಕಾರ ಕರಡಿ ಕಾವಲು ಶುರು ಮಾಡಿತು. 1980ರ ದಶಕದ ಆರಂಭದಲ್ಲಿ ಸೈನ್ಯ ಬಿಟ್ಟುಹೋದ ಒಂದು ಕಟ್ಟಡವೇ ಕರಡಿ ಜೈಲಾಯಿತು. ಊರೊಳಗೆ ನುಗ್ಗಿದ ಕರಡಿಯನ್ನು ಬೋನಿಗೆ ಕೆಡವಿ, ಅಲ್ಲಿ ಬರೀ ನೀರು ಕೊಟ್ಟು ಇಟ್ಟುಕೊಳ್ಳುತ್ತಾರೆ. ಊಟ ಸಿಕ್ಕರೆ ಮತ್ತೆ ಬರುತ್ತದಲ್ಲ! ಕೊನೆಗೆ ಹೆಲಿಕಾಪ್ಟರಿನಲ್ಲಿ ದೂರ ಒಯ್ದು ಬಿಡುತ್ತಾರೆ. ದೊಡ್ಡ ಚಕ್ರದ ಟಂಡ್ರಾ ಬಗ್ಗಿ ಗಾಡಿಗಳು ಓಡತೊಡಗಿದ್ದೂ ಹೆಚ್ಚುಕಡಿಮೆ ಆಗಲೇ. ಗುಂಡು ಹಾರಿಸಿ ಓಡಿಸುತ್ತಿದ್ದ ಪ್ರಾಣಿ ಊರಿಗೆ ಅನ್ನ ಕೊಡತೊಡಗಿತು.

ಪ್ರವಾಸದ ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಕಾಣದ ಇನ್ನೊಂದು ಕಥೆಯಿದೆ. ಸಾಯಿಸಿ ಡೆನೆ ಎಂಬ ಮೂಲನಿವಾಸಿಗಳು ಒಳನಾಡಿನ ಲಿಟಲ್ ಡಕ್ ಲೇಕ್ ಬಳಿ ಕ್ಯಾರಿಬೂ ಎಂಬ ಹಿಮಸಾರಂಗದ ಬೇಟೆಯಿಂದ ಬದುಕಿದ್ದರು. ಇವರೇ ಸಾರಂಗಗಳನ್ನು ಮಿತಿಮೀರಿ ಕೊಂದು ಮುಗಿಸುತ್ತಿದ್ದಾರೆ ಎಂದು ಅಧಿಕಾರಿಗಳು ತೀರ್ಮಾನಿಸಿದರು. 1956ರಲ್ಲಿ ವಿಮಾನ ಇಳಿಸಿ, ಸುಮಾರು 250 ಜನರನ್ನು ಚರ್ಚಿಲ್‌ಗೆ ಸಾಗಿಸಿದರು. ಅವರ ದೋಣಿ, ಬಲೆ, ಜಾರುಬಂಡಿ ಅಲ್ಲೇ ಉಳಿದವು.

ಕಾಡಿನ ಜನ ಸಮುದ್ರದ ದಡದಲ್ಲಿ ಏನು ಮಾಡಬೇಕು? ಸ್ಮಶಾನದ ಪಕ್ಕದ ತೆಳು ಗೋಡೆಯ ಗುಡಿಸಲುಗಳಲ್ಲಿ ಆ ಚಳಿ ಕಳೆದರು. ಕರಡಿ ಬರುವ ಅದೇ ಕಸದ ಗುಡ್ಡೆಯಲ್ಲಿ ಊಟ ಹುಡುಕಿದರು. ಕಾಯಿಲೆ, ಕುಡಿತ, ಬೆಂಕಿ ಅವಘಡ, ಹೊಡೆದಾಟ ಎಲ್ಲ ಸೇರಿ ಎರಡು ದಶಕದೊಳಗೆ ನೂರಕ್ಕೂ ಹೆಚ್ಚು ಜನ ಸತ್ತರು. ಉಳಿದವರಲ್ಲಿ ಬಹಳಷ್ಟು ಮಂದಿ 1973ರ ಹೊತ್ತಿಗೆ ತಾವೇ ಎದ್ದು ಕಾಡಿನ ಕಡೆಗೆ, ಟಡೂಲೆ ಲೇಕ್ ದಡಕ್ಕೆ ಹೊರಟರು. ಸರ್ಕಾರ ಹೇಳಿದ್ದಕ್ಕಲ್ಲ, ಸಾರಂಗ ಇರುವಲ್ಲಿಗೆ ಹೋಗಬೇಕೆಂದು. ಕೆನಡಾ ಸರ್ಕಾರ ಕ್ಷಮೆ ಕೇಳಿದ್ದು 2016ರ ಆಗಸ್ಟ್‌ನಲ್ಲಿ, ಅರವತ್ತು ವರ್ಷಗಳ ಮೇಲೆ. ಪರಿಹಾರ 33.6 ಮಿಲಿಯನ್ ಡಾಲರ್.

ಈಗ ಕರಡಿಗೂ ಕಷ್ಟಕಾಲ. ಮಂಜುಗಡ್ಡೆ ನಿಲ್ಲುವ ದಿನಗಳು ಕಡಿಮೆಯಾಗಿವೆ. ಪಶ್ಚಿಮ ಹಡ್ಸನ್ ಕೊಲ್ಲಿಯಲ್ಲಿ 2016ರಲ್ಲಿ 842 ಎಂದು ಅಂದಾಜಿಸಿದ್ದ ಕರಡಿಗಳು 2021ಕ್ಕೆ 618. ಈ ಸಲ ತಪ್ಪು ಹೊರಿಸಲು ಬೇಟೆಗಾರರ ಹಟ್ಟಿಯೊಂದು ಸಾಲದು. ಗಡ್ಡೆ ಕರಗಿಸುವ ಹೊಗೆ ದೂರದ ಊರುಗಳದ್ದು, ಅಲ್ಲಿಗೆ ಹಾರುವ ವಿಮಾನಗಳದ್ದೂ ಹೌದು.

ಡೆನೆಗಳು ಇದ್ದ ಜಾಗದಲ್ಲಿ ಇಂದು ಸತ್ತವರ ನೆನಪಿಗೆ ಒಂದು ಸ್ಮಾರಕವಿದೆ.