ಹಾಡು ಒಂದು, ಧಾಟಿ ಎರಡು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಆನೇಕಲ್ಲಿನ ನಮ್ಮ ಮನೆಗೆ ಬಂದಿದ್ದನು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಉದ್ಯೋಗ, ಈಗ ಎರಡು ಮಕ್ಕಳ ತಂದೆ. "ನಮ್ಮ ಬ್ಯಾಚಿನವರೆಲ್ಲ ಸೇರಿ ಶಾಲೆಗೆ ಹೊಸ ಬ್ಯಾಂಡ್ ಸೆಟ್ ಕೊಡಿಸಬೇಕೆಂದಿದ್ದೇವೆ ಸಾರ್. ಏನೇನು ತರಬೇಕೆಂದು ಒಂದು ಪಟ್ಟಿ ಬರೆದುಕೊಡಿ" ಎಂದನು. ಪಟ್ಟಿ ಬರೆಯಲು ಕುಳಿತವನಿಗೆ ಹಳೆಯದೆಲ್ಲ ನೆನಪಿಗೆ ಬಂದು, ಪಟ್ಟಿಗೆ ಮೊದಲು ಇದನ್ನು ಬರೆಯಬೇಕಾಯಿತು.

ನಮ್ಮ ಕಾಲದ ಬ್ಯಾಂಡ್ ಸೆಟ್ಟನ್ನು ನೀವೆಲ್ಲ ಬಲ್ಲಿರಿ. ಒಂದು ದೊಡ್ಡ ಡ್ರಮ್ಮು, ಮೂರು ಸೈಡ್ ಡ್ರಮ್ಮು, ಒಂದು ಜೊತೆ ಹಿತ್ತಾಳೆಯ ತಾಳ, ಒಂದು ಬ್ಯೂಗಲ್. ದೊಡ್ಡ ಡ್ರಮ್ಮನ್ನು ಹೊರುವ ಭಾಗ್ಯ ತರಗತಿಯಲ್ಲಿ ಎಲ್ಲರಿಗಿಂತ ದಪ್ಪಗಿದ್ದ ಹುಡುಗನಿಗೆ. ಆಗಸ್ಟ್ ತಿಂಗಳ ಮಳೆಗೆ ಚರ್ಮ ಸಡಿಲವಾಗಿ ಸದ್ದು ಮಂಕಾದರೆ, ಸ್ವಾತಂತ್ರ್ಯ ದಿನಾಚರಣೆಯ ಹಿಂದಿನ ಮಧ್ಯಾಹ್ನ ಅವನ್ನು ಅಂಗಳದ ಬಿಸಿಲಿಗಿಟ್ಟು ಕಾಯುವ ಕೆಲಸವೂ ಅವನದೇ. ಬ್ಯಾಂಡನ್ನು ಕಲಿಸುವವರು ಡ್ರಿಲ್ ಮೇಷ್ಟ್ರು. ಹಾಡು ಕಲಿಸುವ ಹೊಣೆ ಕನ್ನಡ ಪಂಡಿತರದು. ಅವರ ಗಂಟಲು ಕೈಕೊಟ್ಟರೆ, ಸಮಾಜ ವಿಜ್ಞಾನ ಹೇಳುತ್ತಿದ್ದ ನನ್ನದು. ನಾನು ಕೆಲಸ ಮಾಡಿದ ಯಾವ ಪ್ರೌಢಶಾಲೆಯಲ್ಲಿಯೂ ಸಂಗೀತ ಶಿಕ್ಷಕರಿರಲಿಲ್ಲ. ಹೀಗಾಗಿ ಮೈದಾನದ ಒಂದು ಬದಿಯಲ್ಲಿ ಬ್ಯಾಂಡು, ಇನ್ನೊಂದು ಬದಿಯಲ್ಲಿ ಹಾಡುವ ಮಕ್ಕಳು. ಒಂದೇ ಸಮಾರಂಭದಲ್ಲಿದ್ದರೂ ಅವೆರಡೂ ಎಂದೂ ಕೂಡಿ ನುಡಿದುದಿಲ್ಲ. ಹಾಡು ಆರಂಭವಾದೊಡನೆ ಬ್ಯಾಂಡಿನ ಹುಡುಗರು ಕೋಲುಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಸುಮ್ಮನೆ ನಿಲ್ಲುವರು.

ಇದಕ್ಕೆ ವಾದ್ಯಗಳಲ್ಲಿಯೇ ಕಾರಣವಿದೆ. ಬ್ಯೂಗಲ್ಲಿಗೆ ಬೆರಳಿಟ್ಟು ಮುಚ್ಚುವ ರಂಧ್ರಗಳಿಲ್ಲ, ಒತ್ತುವ ಗುಂಡಿಗಳೂ ಇಲ್ಲ. ಊದುವವನ ತುಟಿಯ ಬಿಗಿಯಿಂದಲೇ ಸ್ವರ ಬದಲಾಗಬೇಕು. ಬಳಕೆಗೆ ಒದಗುವ ಸ್ವರಗಳು ಐದಾರು ಮಾತ್ರ, ಅವೂ ಒಂದರಿಂದೊಂದು ದೂರ ದೂರ. ಧ್ವಜವಂದನೆಯ ಸಂಕೇತವನ್ನು ಊದಬಹುದೇ ಹೊರತು, ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುವ ಹಾಡನ್ನು ನುಡಿಸಲಾಗದು. ಡ್ರಮ್ಮಿಗೆ ಲಯವುಂಟು, ರಾಗವಿಲ್ಲ.

ಆದರೆ ಬ್ಯಾಂಡಿಗೂ ಹಾಡಿಗೂ ನಂಟಿದ್ದ ಕಾಲವೊಂದು ನಮ್ಮ ಸೀಮೆಯಲ್ಲಿಯೇ ಇತ್ತು. ಆನೇಕಲ್ ಆಗ ಮೈಸೂರು ಸಂಸ್ಥಾನಕ್ಕೆ ಸೇರಿದ ಊರು. ಪಕ್ಕದ ಹೊಸೂರು ಮದರಾಸು ಪ್ರಾಂತ್ಯದ್ದು. 1940ರ ದಶಕದಲ್ಲಿ ಇಲ್ಲಿ ಓದಿದ ನನ್ನ ತಂದೆಯವರು ಮಹಾರಾಜರ ವರ್ಧಂತಿಯಂದು 'ಕಾಯೌ ಶ್ರೀ ಗೌರಿ' ಹಾಡಿ ಸಿಹಿ ತಿಂದು ಮನೆಗೆ ಬರುತ್ತಿದ್ದುದನ್ನು ಹೇಳುತ್ತಿದ್ದರು. 'ಅಭಿನವ ಕಾಳಿದಾಸ'ರೆಂದು ಹೆಸರಾದ ಬಸವಪ್ಪ ಶಾಸ್ತ್ರಿಗಳು ರಚಿಸಿದ ಸಂಸ್ಥಾನಗೀತೆ ಅದು. ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡು, ಕರ್ನಾಟಕ ಬ್ಯಾಂಡು ಎಂದು ಎರಡು ತಂಡಗಳಿದ್ದವು. ಎರಡನೆಯದರ ವೈಶಿಷ್ಟ್ಯವೆಂದರೆ ನಮ್ಮ ಕೃತಿಗಳನ್ನು ಪಾಶ್ಚಾತ್ಯ ವಾದ್ಯಗಳಲ್ಲಿ ನುಡಿಸುವುದು. ಆ ಪರಂಪರೆಯನ್ನು ಮುಂದೆ ಪೊಲೀಸ್ ಬ್ಯಾಂಡು ಉಳಿಸಿಕೊಂಡಿತು. ದಸರೆಯಲ್ಲಿ ಈಗಲೂ ಕೇಳಬಹುದು. ಅರಮನೆಯ ಬ್ಯಾಂಡು ಏನನ್ನು ನುಡಿಸುತ್ತಿತ್ತೋ ಅದನ್ನೇ ಆನೇಕಲ್ಲಿನ ಶಾಲೆಯ ಮಕ್ಕಳು ಹಾಡುತ್ತಿದ್ದರು. ಎಂಬತ್ತು ದಾಟಿದ ಮೇಲೂ ತಂದೆಯವರು ಅದನ್ನು ಅದೇ ಧಾಟಿಯಲ್ಲಿ ಗುನುಗುತ್ತಿದ್ದರು. ರಾಜಭಕ್ತಿಯ ಮಾತು ಇಲ್ಲಿ ಬೇಡ. ಧಾಟಿ ಸ್ಥಿರವಾಗಿದ್ದುದರಿಂದ ಹಾಡು ಉಳಿಯಿತೆಂಬುದಷ್ಟೇ ನನ್ನ ಮಾತು.

ರಾಷ್ಟ್ರಗೀತೆಯ ಕಥೆಯೂ ಇಂತಹುದೇ. 'ಜನಗಣಮನ' ಮೊದಲು ಹಾಡಲ್ಪಟ್ಟುದು 1911ರ ಡಿಸೆಂಬರ್ 27ರಂದು, ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ. 1919ರಲ್ಲಿ ರವೀಂದ್ರರು ನಮ್ಮ ಕೋಲಾರ ಸೀಮೆಯ ಗಡಿಯಾಚೆಯ ಮದನಪಲ್ಲಿಗೆ ಬಂದಿದ್ದರು. ಅಲ್ಲಿನ ಥಿಯಸಾಫಿಕಲ್ ಕಾಲೇಜಿನ ಪ್ರಾಂಶುಪಾಲರ ಪತ್ನಿ, ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್, ಸಂಗೀತ ಬಲ್ಲವರು; ಆ ಗೀತೆಗೆ ಸ್ವರಲಿಪಿ ಬರೆದರು. ಕಾಗದದ ಮೇಲೆ ಬಂದ ರಾಗ ಊರೂರಿಗೆ ಒಂದೊಂದಾಗುವ ಭಯವಿರುವುದಿಲ್ಲ. ಸ್ವಾತಂತ್ರ್ಯ ಬಂದ ವರ್ಷ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯವರು ಭಾರತದ ಗೀತೆಯನ್ನು ಕೇಳಿದಾಗ, ನಮ್ಮ ನಿಯೋಗದವರ ಬಳಿಯಿದ್ದ ಧ್ವನಿಮುದ್ರಿಕೆಯಿಂದ ಅಲ್ಲಿನ ವಾದ್ಯವೃಂದ ಅದನ್ನು ಕಲಿತು ನುಡಿಸಿತು. 1948ರ ಆಗಸ್ಟ್ 25ರಂದು ನೆಹರೂ ಅವರು ಸಂವಿಧಾನ ಸಭೆಯಲ್ಲಿ ಇದನ್ನು ವಿವರಿಸುತ್ತಾ, ರಾಷ್ಟ್ರಗೀತೆಯಲ್ಲಿ ಮಾತಿಗಿಂತಲೂ ರಾಗ ಮುಖ್ಯ, ಅದು ಬ್ಯಾಂಡಿನಲ್ಲಿ ನುಡಿಯುವಂತಿರಬೇಕು ಎಂಬ ಅಭಿಪ್ರಾಯವನ್ನು ಮುಂದಿಟ್ಟರು. 1950ರ ಜನವರಿ 24ರಂದು ಗೀತೆ ಅಂಗೀಕೃತವಾಯಿತು. ಕಾಲಾವಧಿ ಸುಮಾರು 52 ಸೆಕೆಂಡು. ಬ್ಯಾಂಡು ನುಡಿಸುವುದಾದರೆ ಮೊದಲು ನಿಧಾನಗತಿಯ ಏಳು ಹೆಜ್ಜೆಗಳಷ್ಟು ಕಾಲ ಡ್ರಮ್ಮಿನ ನಾದವಾಗಬೇಕು, ಸಭಿಕರು ಎಚ್ಚೆತ್ತು ನಿಲ್ಲಲೆಂದು. ಇಷ್ಟೆಲ್ಲ ನಿಯಮವೇಕೆಂದು ತರಗತಿಯಲ್ಲಿ ನೀವು ನಗುತ್ತಿದ್ದಿರಿ. ನಾಡಗೀತೆಯ ವಿಷಯಕ್ಕೆ ಬಂದಾಗ ಅದರ ಬೆಲೆ ನನಗೆ ತಿಳಿಯಿತು.

ಕನ್ನಡನಾಡಿಗೆ ಹಾಡಿನ ಬರವಿರಲಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ, ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ, ಹುಯಿಲಗೋಳ ನಾರಾಯಣರಾಯರ ಗೀತೆಯನ್ನು ಹಾಡಿದುದು ಪ್ರಸಿದ್ಧ. ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ'ಯನ್ನಂತೂ ಶಾಲೆಗಳಲ್ಲಿ ಬಹುಕಾಲದಿಂದ ಹಾಡುತ್ತಿದ್ದೆವು. 2004ರ ಜನವರಿಯಲ್ಲಿ ಸರ್ಕಾರ ಅದನ್ನೇ ನಾಡಗೀತೆಯೆಂದು ಘೋಷಿಸಿತು. ಸಂತೋಷದ ಸಂಗತಿ. ಆದರೆ ನಿಶ್ಚಯವಾದುದು ಪದ್ಯ ಮಾತ್ರ, ಧಾಟಿ ನಿಶ್ಚಯವಾಗಲಿಲ್ಲ. ಮೈಸೂರು ಅನಂತಸ್ವಾಮಿಯವರದೊಂದು ಸಂಯೋಜನೆ, ಸಿ. ಅಶ್ವತ್ಥ್ ಅವರದೊಂದು. ಇಬ್ಬರೂ ಸುಗಮ ಸಂಗೀತದ ದಿಗ್ಗಜರು, ಎರಡೂ ಸೊಗಸು. ವೇದಿಕೆಯ ಮೇಲೆ ಒಬ್ಬ ಗಾಯಕ ಹಾಡುವಾಗ ಸಂಯೋಜನೆಗಳು ಎಷ್ಟಿದ್ದರೂ ಸಂಪತ್ತೇ. ನೂರು ಮಕ್ಕಳು ಒಟ್ಟಿಗೆ ಬಾಯಿ ತೆರೆಯುವಾಗ ಎರಡು ಧಾಟಿ ಸಂಪತ್ತಲ್ಲ, ಸಂಕಟ. ಪದ್ಯವೂ ದೀರ್ಘ, ಆಚಾರ್ಯರು, ಕವಿಗಳು, ನದಿಗಳ ಹೆಸರುಗಳು ಸಾಲಾಗಿ ಬರುತ್ತವೆ. ಪುನರಾವರ್ತನೆ ಸೇರಿಸಿ ಹಾಡಿದರೆ ಐದಾರು ನಿಮಿಷ. ಬಿಸಿಲಿನಲ್ಲಿ ನಿಂತ ಎಂಟನೆಯ ತರಗತಿಯ ಮಕ್ಕಳು ತಲೆ ಸುತ್ತಿ ಕುಸಿದುದನ್ನು ಕಂಡಿದ್ದೇನೆ.

2006ರ ನವೆಂಬರ್. ಏಕೀಕರಣಕ್ಕೆ ಐವತ್ತು ವರ್ಷ ತುಂಬಿ, ಎಲ್ಲೆಡೆ ಸುವರ್ಣ ಕರ್ನಾಟಕದ ಸಂಭ್ರಮ. ಸುತ್ತಲಿನ ಐದು ಶಾಲೆಗಳ ಮಕ್ಕಳಿಂದ ನಾಡಗೀತೆಯ ಮೇಳಗಾನವೆಂದು ನಿಶ್ಚಯವಾಯಿತು. ಆಯಾ ಶಾಲೆಯವರು ಅಲ್ಲಲ್ಲೇ ಅಭ್ಯಾಸ ಮಾಡಿದೆವು. ಕ್ಯಾಸೆಟ್ಟಿನಲ್ಲಿ ಕೇಳಿ ನಾನು ನಮ್ಮ ಮಕ್ಕಳಿಗೆ ಕಲಿಸಿದುದು ಅಶ್ವತ್ಥ್ ಅವರ ಧಾಟಿ. ಹಿಂದಿನ ದಿನ ಎಲ್ಲರನ್ನೂ ಕೂಡಿಸಿ ಹಾಡಿಸಿದರೆ ಎಲ್ಲವೂ ಕಲಸುಮೇಲೋಗರ. ನಮ್ಮ ಸಾಲಿನಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಕಂಠ ಬೇರೆಯಾಗಿ, ಗಟ್ಟಿಯಾಗಿ ಕೇಳಿಸುತ್ತಿತ್ತು. ಆ ವರ್ಷವಷ್ಟೇ ನಮ್ಮ ಶಾಲೆಗೆ ಸೇರಿದವಳು. ತಂದೆಗೆ ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ತುಮಕೂರು ಕಡೆಯಿಂದ ಬಂದ ಕುಟುಂಬ. "ನಿನ್ನೊಬ್ಬಳಿಂದ ಎಲ್ಲ ಹಾಳಾಯಿತು, ಬಾಯಿ ಮುಚ್ಚಿಕೊಂಡು ನಿಲ್ಲು" ಎಂದು ಐದು ಶಾಲೆಗಳ ಮಕ್ಕಳ ಎದುರು ಗದರಿದೆನು. "ನಮ್ಮ ಹಳೇ ಸ್ಕೂಲಲ್ಲಿ ಹೀಗೇ ಹೇಳಿಕೊಟ್ಟಿದ್ದರು ಸಾರ್" ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ.

ಮರುದಿನ ಅವಳು ತುಟಿಯನ್ನಷ್ಟೇ ಆಡಿಸುತ್ತಾ ನಿಂತಿದ್ದಳು. ಹಾಡು ಹಿಂದಿನ ದಿನಕ್ಕಿಂತಲೂ ಕೆಟ್ಟಿತು. ಆಮೇಲೆ ವಿಚಾರಿಸಿದರೆ ಐದರಲ್ಲಿ ಎರಡು ಶಾಲೆಯವರು ಕಲಿತು ಬಂದಿದ್ದುದು ಅನಂತಸ್ವಾಮಿಯವರ ಧಾಟಿಯನ್ನು. ಆ ಹುಡುಗಿ ಹಾಡುತ್ತಿದ್ದುದೂ ಅದನ್ನೇ, ಅವರೆಲ್ಲರಿಗಿಂತ ಶುದ್ಧವಾಗಿ. ತಪ್ಪು ನನ್ನದೆಂದು ಅಂದೇ ತಿಳಿಯಿತು. ಅವಳನ್ನು ಕರೆದು ಹೇಳಲು ಮೇಷ್ಟ್ರ ಗತ್ತು ಬಿಡಲಿಲ್ಲ. ಆ ಮೇಲೆ ಅವಳು ಯಾವ ಕಾರ್ಯಕ್ರಮಕ್ಕೂ ಹಾಡಲು ಹೆಸರು ಕೊಡಲಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಹೋದಳು.

ಧಾಟಿಯ ಗೊಂದಲ ತೀರಲು ಒಟ್ಟು ಹದಿನೆಂಟು ವರ್ಷ ಹಿಡಿಯಿತು. ಒಂದಾದ ಮೇಲೊಂದು ಸಮಿತಿಗಳಾದವು. ಕೊನೆಗೆ ಹಿರಿಯ ಗಾಯಕಿ ಎಚ್.ಆರ್. ಲೀಲಾವತಿಯವರ ನೇತೃತ್ವದ ಸಮಿತಿಯ ಶಿಫಾರಸಿನಂತೆ 2022ರ ಸೆಪ್ಟೆಂಬರಿನಲ್ಲಿ ಆದೇಶ ಹೊರಟಿತು: ಮೈಸೂರು ಅನಂತಸ್ವಾಮಿಯವರ ಧಾಟಿ, ಪೂರ್ಣ ಪಾಠ, ಎರಡು ನಿಮಿಷ ಮೂವತ್ತು ಸೆಕೆಂಡು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಉಚ್ಚ ನ್ಯಾಯಾಲಯವು 2024ರಲ್ಲಿ ವಜಾ ಮಾಡಿತು. ಅಶ್ವತ್ಥ್ ಅವರ ಧಾಟಿಯ ಮೇಲೆ ನನಗಿರುವ ಮೋಹ ಇಂದಿಗೂ ಹೋಗಿಲ್ಲ. ಮನೆಯಲ್ಲಿ ಒಬ್ಬನೇ ಇದ್ದಾಗ ಬಾಯಿಗೆ ಬರುವುದು ಅದೇ. ಆದರೆ ಶಾಲೆಯ ಮೈದಾನಕ್ಕೆ ಬೇಕಾದುದು ಒಂದೇ ಧಾಟಿ. ಯಾವುದಾದರೊಂದು 2004ರಲ್ಲಿಯೇ ನಿಶ್ಚಯವಾಗಿದ್ದರೆ ಎಷ್ಟೋ ಮಕ್ಕಳು ಬೈಗುಳ ತಿನ್ನುವುದು ತಪ್ಪುತ್ತಿತ್ತು.

ಇನ್ನು ಪಟ್ಟಿ. ಡ್ರಮ್ಮುಗಳು ಮೊದಲಿನಷ್ಟೇ ಇರಲಿ, ಆದರೆ ಪ್ಲಾಸ್ಟಿಕ್ ಹೊದಿಕೆಯವು, ಮಳೆಗೆ ಸಡಿಲವಾಗುವುದಿಲ್ಲ. ಬ್ಯೂಗಲ್ ಒಂದು ಸಾಕು. ಉಳಿದ ಹಣದಲ್ಲಿ ಹನ್ನೆರಡು ಕೊಳಲುಗಳನ್ನು ಕೊಳ್ಳಿ. ಎಲ್ಲವೂ ಒಂದೇ ಶ್ರುತಿಯವಾಗಿರಲಿ. ಬಿದಿರಿನ ಕೊಳಲನ್ನು ಉದ್ದ ನೋಡಿ ಕೊಳ್ಳಬೇಡಿ, ಊದಿಸಿ ಕೇಳಿ ಕೊಳ್ಳಿ. ಗಂಡುಮಕ್ಕಳ ಗಂಟಲು ಒಡೆಯುವ ವಯಸ್ಸಾದ್ದರಿಂದ ಶ್ರುತಿ ತೀರ ಮೇಲಿನದು ಬೇಡ. ಒಂದು ಹಾರ್ಮೋನಿಯಂ ಸಹ ಇರಲಿ. ಕಲಿಸಲು ವಾರಕ್ಕೆರಡು ದಿನ ಬರುವೆನೆಂದು ಮುಖ್ಯೋಪಾಧ್ಯಾಯರಿಗೆ ತಿಳಿಸಿದ್ದೇನೆ. ಬ್ಯಾಂಡಿನವರು ನುಡಿಸಲಿ, ಮಕ್ಕಳು ಹಾಡಲಿ, ಒಟ್ಟಿಗೆ.

2006ರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದವರು ಇದನ್ನು ಓದುತ್ತಿದ್ದರೆ, ನಾನು ಹೇಳುತ್ತಿರುವುದು ಯಾರ ವಿಷಯವೆಂದು ನಿಮಗೆ ಗೊತ್ತಿರುತ್ತದೆ. ಅವಳ ಸಂಪರ್ಕವಿದ್ದರೆ, ಅಂದು ಅವಳು ಹಾಡಿದುದು ಸರಿಯಾಗಿತ್ತೆಂದು ಮೇಷ್ಟ್ರು ಹೇಳಿದರೆಂದು ತಿಳಿಸಿ. ನನ್ನ ದೂರವಾಣಿ ಸಂಖ್ಯೆ ಹಳೆಯದೇ ಇದೆ.